ಹಿಂಬಾಲಿಸಿದ ಕೇಸ್ ಊರ ರಾಜಿಯಲ್ಲಿ ಮುಗಿಯುತ್ತದೆಯೇ? ತಾಲ್ಲೂಕು ಕೋರ್ಟ್‌ನಲ್ಲಿ ಆಗುವುದೇನು?

"ಹುಡುಗಿಯನ್ನು ಹಿಂಬಾಲಿಸಿದರೆ ಜಾಮೀನೇ ಇಲ್ಲ, ನೇರ 5 ವರ್ಷ ಜೈಲು" ಎಂಬುದು ಒಂದು ಮಾತು. "14 ಸೆಕೆಂಡ್ ದಿಟ್ಟಿಸಿ ನೋಡಿದರೂ ಕೇಸ್" ಎಂಬುದು ಇನ್ನೊಂದು. ಇವೆರಡಕ್ಕಿಂತ ಹೆಚ್ಚು ಹಾನಿ ಮಾಡುವ ಮೂರನೆಯದು ಫೋನಿಗಿಂತ ಜಗಲಿಯ ಮೇಲೆಯೇ ಹೆಚ್ಚು ಕೇಳಿಬರುತ್ತದೆ: "ಹಿರಿಯರು ಕೂತು ಮಾತಾಡಿ ಮುಗಿಸಿದರೆ ಕೇಸೂ ಮುಗಿದ ಹಾಗೆ." ಮೂರೂ ಸರಿಯಲ್ಲ.

14 ಸೆಕೆಂಡಿನ ಕಥೆ ಹುಟ್ಟಿದ್ದು ಕೇರಳದಲ್ಲಿ. 2016ರ ಆಗಸ್ಟ್‌ನಲ್ಲಿ ಅಲ್ಲಿನ ಅಂದಿನ ಅಬಕಾರಿ ಆಯುಕ್ತ ರಿಷಿರಾಜ್ ಸಿಂಗ್ ಒಂದು ಭಾಷಣದಲ್ಲಿ ಹಾಗೆ ಹೇಳಿದ್ದರು. ಕಾನೂನಿನಲ್ಲಿ ಸೆಕೆಂಡಿನ ಲೆಕ್ಕವೇ ಇಲ್ಲ.

ಕಾನೂನು ಹೇಳುವುದು ಇಷ್ಟು. ಮಹಿಳೆ ತನಗೆ ಇಷ್ಟವಿಲ್ಲ ಎಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಪುರುಷನೊಬ್ಬ ಆಕೆಯನ್ನು ಹಿಂಬಾಲಿಸಿ, ಸಲುಗೆ ಬೆಳೆಸಲು ಪದೇಪದೇ ಸಂಪರ್ಕಿಸಿದರೆ ಅಥವಾ ಸಂಪರ್ಕಿಸಲು ಯತ್ನಿಸಿದರೆ ಅದು ಅಪರಾಧ. ಆಕೆಯ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದೂ ಅಪರಾಧವೇ. ಅದಕ್ಕೆ "ಬೇಡ ಅಂದಿದ್ದಳೇ?" ಎಂಬ ಪ್ರಶ್ನೆಯೂ ಬೇಕಿಲ್ಲ. 2013ರಲ್ಲಿ ಭಾರತೀಯ ದಂಡ ಸಂಹಿತೆಗೆ 354ಡಿ ಎಂದು ಸೇರಿದ ಈ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಆಗಿದೆ. ಆ ದಿನಕ್ಕಿಂತ ಮೊದಲು ನಡೆದ ಕೃತ್ಯ ಈಗಲೂ 354ಡಿ ಅಡಿಯಲ್ಲೇ ವಿಚಾರಣೆಗೆ ಬರುತ್ತದೆ. ಶಿಕ್ಷೆ ಎರಡರಲ್ಲೂ ಒಂದೇ.

ಈಗ ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ದಿನಾ ಬಸ್ಸಿನಲ್ಲಿ ತರೀಕೆರೆಗೆ ಕಾಲೇಜಿಗೆ ಹೋಗುವ ಯುವತಿಯೊಬ್ಬಳು ಠಾಣೆಗೆ ದೂರು ಕೊಡುತ್ತಾಳೆ ಎಂದುಕೊಳ್ಳಿ. ಇದು ಎಫ್‌ಐಆರ್ ದಾಖಲಿಸಲೇಬೇಕಾದ ಅಪರಾಧ. ದೂರನ್ನು ಬರೆದುಕೊಳ್ಳಬೇಕಾದವರು ಮಹಿಳಾ ಅಧಿಕಾರಿ. ಎಫ್‌ಐಆರ್ ಪ್ರತಿ ಉಚಿತ. ಘಟನೆ ಕಡೂರಿನ ಬಸ್ ನಿಲ್ದಾಣದಲ್ಲಿ ನಡೆದಿದ್ದರೂ "ಅಲ್ಲಿಗೇ ಹೋಗಿ" ಎನ್ನುವಂತಿಲ್ಲ.

ಆದರೆ ಹುಡುಗನನ್ನು ಕರೆಸಿ, ಗದರಿಸಿ, ಮುಚ್ಚಳಿಕೆ ಬರೆಸಿಕೊಂಡು ಕಳಿಸುವ ರೂಢಿಯೂ ಇದೆ. ಅದು ಎಫ್‌ಐಆರ್‌ಗೆ ಬದಲಿಯಲ್ಲ. ದೂರಿನಲ್ಲಿ ಇಂಥ ಅಪರಾಧ ಕಂಡರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಪ್ರಕರಣದಲ್ಲೇ ಹೇಳಿದೆ. ಠಾಣೆ ನಿರಾಕರಿಸಿದರೆ ಜಿಲ್ಲಾ ಎಸ್‌ಪಿಗೆ ಲಿಖಿತ ದೂರು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ. ಹಗುರವಾಗಿ ತೆಗೆದುಕೊಂಡರೆ ಏನಾಗಬಹುದು ಎಂಬುದನ್ನು ಹುಬ್ಬಳ್ಳಿ ನೋಡಿದೆ. 2024ರ ಮೇನಲ್ಲಿ ಅಲ್ಲಿ ಯುವತಿಯೊಬ್ಬಳನ್ನು ಮನೆಯೊಳಗೇ ಕೊಲ್ಲಲಾಯಿತು. ಆರೋಪಿ ಬೆದರಿಸುತ್ತಿದ್ದುದನ್ನು ಮೊದಲೇ ಪೊಲೀಸರಿಗೆ ತಿಳಿಸಿದ್ದೆವು ಎಂದು ಮನೆಯವರು ಹೇಳಿದರು. ಠಾಣೆಯ ಸಿಬ್ಬಂದಿ ಅಮಾನತಾದದ್ದು ಆಮೇಲೆ.

ಜಾಮೀನಿನ ವಿಷಯ ಫಾರ್ವರ್ಡ್ ಹೇಳುವುದಕ್ಕೆ ಪೂರ್ತಿ ಉಲ್ಟಾ. ಮೊದಲ ಸಲದ ಅಪರಾಧಕ್ಕೆ ಜಾಮೀನು ಆರೋಪಿಯ ಹಕ್ಕು. ಅಂದರೆ ಇವತ್ತು ಬಂಧನವಾದವನು ನಾಳೆ ಅದೇ ಬಸ್ ನಿಲ್ದಾಣದಲ್ಲಿ ನಿಂತಿರಬಹುದು. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಮತ್ತೆ ಹಿಂಬಾಲಿಸಿದರೆ, ಬೆದರಿಸಿದರೆ ಅದನ್ನೂ ಬೇರೆಯಾಗಿ ದೂರಿನಲ್ಲಿ ಕೊಡಬೇಕು. ಜೀವಭಯವಿದ್ದರೆ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ರಕ್ಷಣೆ ಕೇಳಬಹುದು.

5 ವರ್ಷದ ಶಿಕ್ಷೆ, ಜಾಮೀನಿಲ್ಲ ಎಂಬುದು ಇರುವುದು ಎರಡನೇ ಸಲಕ್ಕೆ. ಎರಡನೇ ಸಲ ಎಂದರೆ ಎರಡನೇ ದಿನ ಹಿಂಬಾಲಿಸಿದ್ದು ಎಂದಲ್ಲ. ಕೋರ್ಟ್ ಒಮ್ಮೆ ತಪ್ಪಿತಸ್ಥ ಎಂದು ತೀರ್ಪು ಕೊಟ್ಟ ಮೇಲೆ ಮತ್ತೆ ಸಾಬೀತಾಗುವುದು. ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು ಮತ್ತು ದಂಡ. ಈ "ವರೆಗೆ" ಎಂಬ ಪದವೇ ಮುಖ್ಯ. ಕನಿಷ್ಠ ಶಿಕ್ಷೆ ಇಷ್ಟೇ ಎಂದು ಕಾನೂನು ನಿಗದಿ ಮಾಡಿಲ್ಲ, ಹಾಗಾಗಿ ಕೆಲವು ತಿಂಗಳಿನ ಶಿಕ್ಷೆಯೂ ಆಗಬಹುದು. ತರೀಕೆರೆಯ ಜೆಎಂಎಫ್‌ಸಿ ನ್ಯಾಯಾಲಯ ಹೆಚ್ಚೆಂದರೆ 3 ವರ್ಷದ ಜೈಲು ಶಿಕ್ಷೆ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಪ್ರಕರಣ ಚಿಕ್ಕಮಗಳೂರಿನ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್ ಬಳಿ ಹೋಗುತ್ತದೆ. ತಪ್ಪಿತಸ್ಥನ ವಯಸ್ಸು 21ಕ್ಕಿಂತ ಕಡಿಮೆಯಿದ್ದರೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಪ್ರಕಾರ ಜೈಲಿಗೆ ಕಳಿಸುವ ಮುನ್ನ ಕೋರ್ಟ್ ಪರಿವೀಕ್ಷಣಾಧಿಕಾರಿಯ ವರದಿ ತರಿಸಿ ನೋಡಬೇಕು. ಸನ್ನಡತೆಯ ಬಾಂಡ್ ಬರೆಸಿಕೊಂಡು ಬಿಡಲೂಬಹುದು. ಆದರೂ ಅದು ಖುಲಾಸೆಯಲ್ಲ, ತಪ್ಪು ಸಾಬೀತಾದ ಮೇಲಿನ ಬಿಡುಗಡೆ.

ಯುವತಿಗೆ 18 ತುಂಬಿಲ್ಲದಿದ್ದರೆ ದಾರಿಯೇ ಬೇರೆ. ಲೈಂಗಿಕ ಉದ್ದೇಶದಿಂದ ಹಿಂಬಾಲಿಸಿದ್ದರೆ ಪೋಕ್ಸೋ ಕಾಯ್ದೆ ಅನ್ವಯಿಸಿ, ಕೇಸ್ ವಿಶೇಷ ನ್ಯಾಯಾಲಯಕ್ಕೆ ಹೋಗುತ್ತದೆ.

ಇನ್ನು ರಾಜಿ. ಯಾವ ಅಪರಾಧಗಳಲ್ಲಿ ಎರಡೂ ಕಡೆಯವರು ರಾಜಿಯಾಗಬಹುದು ಎಂದು ಕಾನೂನಿನಲ್ಲೇ ಪಟ್ಟಿ ಇದೆ. ಹಿಂಬಾಲಿಸುವಿಕೆ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಲೋಕ ಅದಾಲತ್ ಕೂಡ ಇದನ್ನು ಮುಗಿಸುವಂತಿಲ್ಲ. ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆಗೆ ಚೌಕಾಸಿ ಮಾಡುವ ಅವಕಾಶವೂ ಮಹಿಳೆಯರ ವಿರುದ್ಧದ ಅಪರಾಧಗಳಿಗಿಲ್ಲ. ಗೊಂದಲಕ್ಕೆ ಒಂದು ಕಾರಣವಿದೆ: ಇಂಥ ಎಫ್‌ಐಆರ್‌ನಲ್ಲಿ ಜೊತೆಗೆ ಹಾಕುವ ಬೆದರಿಕೆಯಂಥ ಕೆಲವು ಕಲಂಗಳಿಗೆ ರಾಜಿಯ ಅವಕಾಶ ಇದೆ. ಆ ಕಲಂ ಬಿದ್ದುಹೋದರೂ 78 ಉಳಿಯುತ್ತದೆ. ಪ್ರಕರಣವನ್ನೇ ರದ್ದು ಮಾಡುವ ಅಧಿಕಾರ ಇರುವುದು ಹೈಕೋರ್ಟ್‌ಗೆ, ಪಂಚಾಯ್ತಿ ಕಟ್ಟೆಗಲ್ಲ. ಸಂತ್ರಸ್ತೆಗೆ ರಾಜಿಯ, ಮದುವೆಯ ಸಲಹೆ ಕೊಡುವುದು ನ್ಯಾಯಾಧೀಶರ ಕೆಲಸವೂ ಅಲ್ಲ ಎಂದು 2021ರ ಮಾರ್ಚ್ 18ರಂದು ಅಪರ್ಣಾ ಭಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಾಗಿ ಹೇಳಿದೆ. ಆರೋಪಿ ಸಂತ್ರಸ್ತೆಯಿಂದ ರಾಖಿ ಕಟ್ಟಿಸಿಕೊಳ್ಳಬೇಕು ಎಂಬ ಜಾಮೀನು ಷರತ್ತನ್ನು ಅದು ರದ್ದು ಮಾಡಿದ್ದು ಅದೇ ತೀರ್ಪಿನಲ್ಲಿ.

ಹಾಗಾದರೆ ರಾಜಿಯಾದ ಕೇಸ್‌ಗಳು ಬಿದ್ದುಹೋಗುವುದು ಹೇಗೆ? ದೂರುದಾರಳ ಮನವೊಲಿಸಿ, ಕೆಲವೊಮ್ಮೆ ಹೆದರಿಸಿ, ಸಾಕ್ಷಿಕಟ್ಟೆಯಲ್ಲಿ "ನನಗೆ ಗೊತ್ತಿಲ್ಲ" ಎನ್ನಿಸುವ ಮೂಲಕ. ಸಾಕ್ಷಿ ತಿರುಗಿಬಿದ್ದರೆ ಆರೋಪಿ ಖುಲಾಸೆ. ನಾವು ನೋಡುವಂತೆ ಇದು ರಾಜಿಯಲ್ಲ, ಸಾಕ್ಷಿ ನಾಶ. ಇಂಥ ಪ್ರಕರಣದಲ್ಲಿ ಆಕೆಯ ಹೇಳಿಕೆಯನ್ನು ಆದಷ್ಟೂ ಮಹಿಳಾ ಮ್ಯಾಜಿಸ್ಟ್ರೇಟ್ ಮುಂದೆ ಬೇಗನೆ ದಾಖಲಿಸಬೇಕು ಎಂಬ ನಿಯಮ ಇರುವುದಕ್ಕೆ ಇದೂ ಒಂದು ಕಾರಣ ಎನ್ನಬಹುದು.

ಸಾಕ್ಷ್ಯದಲ್ಲಿ ಕೋರ್ಟ್ ಹುಡುಕುವುದು ಎರಡು: ಆಕೆ ಬೇಡ ಎಂದದ್ದು, ಅವನು ಆಮೇಲೂ ಬಿಡದಿದ್ದದ್ದು. "ಇನ್ನು ಮೆಸೇಜ್ ಮಾಡಬೇಡಿ" ಎಂಬ ಒಂದು ಸಾಲು, ಬ್ಲಾಕ್ ಮಾಡಿದ ಮೇಲೆ ಬೇರೆ ನಂಬರಿನಿಂದ ಬಂದ ಕರೆಗಳು, ದಿನಾಂಕ ಸಮೇತ ಬರೆದಿಟ್ಟ ಟಿಪ್ಪಣಿ, ಬಸ್ಸಿನಲ್ಲಿ ನೋಡಿದ ಗೆಳತಿಯ ಹೇಳಿಕೆ, ಇವೆಲ್ಲ ಕೆಲಸಕ್ಕೆ ಬರುತ್ತವೆ. ಸಿಟ್ಟಿಗೆ ಚಾಟ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ಪ್ರಿಂಟ್ ಮಾತ್ರ ಸಾಲದು. ಅದರ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು, ಅದನ್ನು ತನಿಖಾಧಿಕಾರಿಯ ಬಳಿ ಕೇಳಿ.

ಸರ್ಕಾರಿ ಅಭಿಯೋಜಕರು ಕೇಸ್ ನಡೆಸುವುದರಿಂದ ದೂರುದಾರಳು ವಕೀಲರಿಗೆ ದುಡ್ಡು ಕೊಡಬೇಕಿಲ್ಲ. ಆದರೂ ಸಲಹೆ ಬೇಕಿದ್ದರೆ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯನ್ನು ಕೇಳಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ ಈ ನೆರವು ಉಚಿತ, ಆದಾಯದ ಪತ್ರ ಬೇಕಿಲ್ಲ. ಯಾರಾದರೂ ಈಗಲೇ ಹಿಂದೆ ಬರುತ್ತಿದ್ದರೆ 112.