ಹಳೆಯ ಸ್ಯಾಂಡರ್ ಮತ್ತು ಗ್ರೈಂಡರ್ ಯಂತ್ರಗಳು: ಬಳಕೆ, ದುರಸ್ತಿ, ಮಾರಾಟ ಮತ್ತು ವಿಲೇವಾರಿ

ಮರಗೆಲಸ, ಕಮ್ಮಾರಿಕೆ, ವೆಲ್ಡಿಂಗ್ ಹಾಗೂ ಎರಕದ ಕೆಲಸ ನಡೆಯುವ ಸಣ್ಣ ಕಾರ್ಯಾಗಾರಗಳಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಖರೀದಿಸಿದ ಸ್ಯಾಂಡರ್ ಮತ್ತು ಗ್ರೈಂಡರ್ ಯಂತ್ರಗಳು ಹೆಚ್ಚಾಗಿ ಬಳಕೆಯಲ್ಲಿರುತ್ತವೆ. ಇವುಗಳನ್ನು ಇಟ್ಟುಕೊಳ್ಳುವುದೇ, ದುರಸ್ತಿ ಮಾಡಿಸುವುದೇ, ಮಾರುವುದೇ ಅಥವಾ ಗುಜರಿಗೆ ಹಾಕುವುದೇ ಎಂಬುದನ್ನು ಯಂತ್ರದ ಬೆಲೆಯೊಂದನ್ನೇ ನೋಡಿ ನಿರ್ಧರಿಸುವುದು ಸೂಕ್ತವಲ್ಲ. 100 ಮಿ.ಮೀ. ವ್ಯಾಸದ ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಅದರ ಅಂಚಿನ ವೇಗ ಗಂಟೆಗೆ 200 ಕಿ.ಮೀ. ಮೀರುತ್ತದೆ. ಈ ವೇಗದಲ್ಲಿ ಡಿಸ್ಕ್ ಒಡೆದರೆ ಅದರ ಚೂರುಗಳಿಂದ ಕೆಲಸಗಾರನ ಕಣ್ಣಿಗೆ ಅಥವಾ ಜೀವಕ್ಕೆ ಅಪಾಯವಾಗಬಹುದು.

1. ಮೊದಲು ಪರಿಶೀಲಿಸಬೇಕಾದ ಅಂಶಗಳು

ಪರಿಶೀಲನೆಗೆ ಮುನ್ನ ಪ್ಲಗ್ ತೆಗೆದು ವಿದ್ಯುತ್ ಸಂಪರ್ಕ ಕಡಿತಗೊಳಿಸತಕ್ಕದ್ದು.

ಅ) ರಕ್ಷಣಾ ಕವಚ: ಗ್ರೈಂಡಿಂಗ್ ಕಲ್ಲಿನ ಮೇಲಿನ ಕವಚ ಮೂಲ ಸ್ಥಿತಿಯಲ್ಲಿ ಭದ್ರವಾಗಿರಬೇಕು. ಬೆಂಚ್ ಗ್ರೈಂಡರ್‌ನಲ್ಲಿ ಕೆಲಸದ ವಸ್ತುವನ್ನು ಇರಿಸುವ ಆಸರೆ ಪಟ್ಟಿಗೂ ಕಲ್ಲಿಗೂ ನಡುವಿನ ಅಂತರ 3 ಮಿ.ಮೀ. ಮೀರಬಾರದು. ಕಲ್ಲು ಸವೆದಂತೆಲ್ಲ ಈ ಅಂತರವನ್ನು ಸರಿಪಡಿಸಬೇಕು.

ಆ) ವೇಗ: ಕಲ್ಲಿನ ಮೇಲೆ ಮುದ್ರಿಸಿದ ಗರಿಷ್ಠ ವೇಗವು ಯಂತ್ರದ ಫಲಕದಲ್ಲಿರುವ ವೇಗಕ್ಕಿಂತ ಕಡಿಮೆ ಇರಬಾರದು. ಹಳೆಯ ಯಂತ್ರದ ಫಲಕ ಅಳಿಸಿಹೋಗಿದ್ದಲ್ಲಿ, ವೇಗವನ್ನು ಅಳತೆ ಮಾಡಿಸದೆ ಹೊಸ ಕಲ್ಲು ಜೋಡಿಸಬಾರದು.

ಇ) ಬಿರುಕು: ಬೆಂಚ್ ಗ್ರೈಂಡರ್‌ನ ಸೆರಾಮಿಕ್ ಬಂಧದ ಕಲ್ಲನ್ನು ಬಿಚ್ಚಿ, ರಂಧ್ರದಲ್ಲಿ ತೂಗುಹಾಕಿ, ಸ್ಕ್ರೂಡ್ರೈವರ್‌ನ ಮರದ ಅಥವಾ ಪ್ಲಾಸ್ಟಿಕ್ ಹಿಡಿಯಿಂದ ಮೃದುವಾಗಿ ತಟ್ಟಬೇಕು. ಒಣಗಿದ, ಬಿರುಕಿಲ್ಲದ ಕಲ್ಲು ಸ್ಪಷ್ಟ ನಾದ ಕೊಡುತ್ತದೆ. ಮಂಕಾದ ಸದ್ದು ಬಂದರೆ ಆ ಕಲ್ಲನ್ನು ಬಳಸಬಾರದು. ರಾಳದ ಬಂಧದ ತೆಳು ಡಿಸ್ಕ್‌ಗಳಿಗೆ ಈ ಪರೀಕ್ಷೆ ಸಾಲದು. ಅವುಗಳ ಮೇಲಿನ ಅವಧಿ ದಿನಾಂಕವನ್ನು ನೋಡತಕ್ಕದ್ದು.

ಈ) ವಿದ್ಯುತ್: ವೈರ್ ಹರಿದಿದ್ದರೆ ಅಥವಾ ಅರ್ಥಿಂಗ್ ಪಿನ್ ಕತ್ತರಿಸಿದ್ದರೆ ಯಂತ್ರವನ್ನು ಚಾಲನೆ ಮಾಡಬಾರದು. ಅರ್ಹ ಎಲೆಕ್ಟ್ರಿಷಿಯನ್‌ನಿಂದ 500 ವೋಲ್ಟ್ ಮೆಗ್ಗರ್ ಪರೀಕ್ಷೆ ಮಾಡಿಸಿ, ನಿರೋಧನವು 1 ಮೆಗಾಓಮ್‌ಗಿಂತ ಕಡಿಮೆ ಇದ್ದಲ್ಲಿ ದುರಸ್ತಿಯಾಗುವವರೆಗೆ ಯಂತ್ರವನ್ನು ಬದಿಗಿಡತಕ್ಕದ್ದು.

ಉ) ಧೂಳು: ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ವರ್ಗೀಕರಿಸಿದೆ. ಆದ್ದರಿಂದ ಧೂಳು ಹೀರುವ ವ್ಯವಸ್ಥೆ ಇಲ್ಲದ ಹಳೆಯ ಸ್ಯಾಂಡರ್‌ಗೆ ಅದನ್ನು ಅಳವಡಿಸಬೇಕು. ಮರದ ಧೂಳು ತುಂಬಿದ ಸ್ಯಾಂಡರ್‌ನಲ್ಲಿ ಕಬ್ಬಿಣವನ್ನು ಉಜ್ಜಿದರೆ ಕಿಡಿಯಿಂದ ಬೆಂಕಿ ಹೊತ್ತಿಕೊಳ್ಳುವ ಸಂಭವವಿದೆ.

2. ದುರಸ್ತಿಗೆ ಯೋಗ್ಯವಾದವು

ಕಾರ್ಬನ್ ಬ್ರಷ್, ಬೇರಿಂಗ್, ಸ್ವಿಚ್, ವೈರ್ ಮತ್ತು ಸ್ಯಾಂಡರ್ ಬೆಲ್ಟ್ ಸವೆದಿರುವುದು ಸಾಮಾನ್ಯ ದೋಷ. ಇವುಗಳನ್ನು ಬದಲಾಯಿಸಿ ಯಂತ್ರವನ್ನು ಮತ್ತೆ ಬಳಸಬಹುದು. ಎರಕದ ಕಬ್ಬಿಣದ ಹಳೆಯ ಬೆಂಚ್ ಗ್ರೈಂಡರ್‌ಗಳ ಒಡಲು ಗಟ್ಟಿಯಾಗಿರುವುದರಿಂದ, ಮೋಟಾರ್ ವೈಂಡಿಂಗ್ ಸುಸ್ಥಿತಿಯಲ್ಲಿದ್ದರೆ ದುರಸ್ತಿ ಮಾಡಿಸುವುದು ಲಾಭದಾಯಕ. ಕೈಯಲ್ಲಿ ಹಿಡಿಯುವ ಸಣ್ಣ ಗ್ರೈಂಡರ್‌ನ ಆರ್ಮೇಚರ್ ಸುಟ್ಟಿದ್ದರೆ, ದುರಸ್ತಿ ವೆಚ್ಚವನ್ನು ಹೊಸ ಯಂತ್ರದ ಬೆಲೆಯೊಂದಿಗೆ ಹೋಲಿಸಿ ನಿರ್ಧರಿಸಬೇಕು.

3. ಬಳಸಲೂ ಮಾರಲೂ ಬಾರದವು

ಒಡಲು ಬಿರುಕು ಬಿಟ್ಟಿರುವ, ಸ್ಪಿಂಡಲ್ ಬಾಗಿರುವ, ಸ್ವಿಚ್ ಆರಿಸಿದರೂ ನಿಲ್ಲದ ಹಾಗೂ ಕವಚ ಕಳೆದು ಬೇರೆ ಕವಚ ದೊರೆಯದ ಯಂತ್ರಗಳನ್ನು ಬಳಕೆಯಿಂದ ತೆಗೆಯಬೇಕು. ದೊಡ್ಡ ಡಿಸ್ಕ್ ಅಥವಾ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಲು ಕವಚ ಕತ್ತರಿಸಿದ ಗ್ರೈಂಡರ್‌ಗಳೂ ಇದೇ ಗುಂಪಿಗೆ ಸೇರುತ್ತವೆ. ಇಂತಹ ಯಂತ್ರವನ್ನು ಅಗ್ಗದ ಬೆಲೆಗೆ ಮಾರಿದರೆ ಅಥವಾ ತರಬೇತಿ ಸಂಸ್ಥೆಗೆ ದಾನ ನೀಡಿದರೆ ಅಪಾಯವು ಮತ್ತೊಬ್ಬರ ಕೈಗೆ ದಾಟುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ.

4. ಮಾರಾಟ ಮಾಡುವವರ ಗಮನಕ್ಕೆ

ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯ ಸಾಲಕ್ಕೆ ಆಧಾರವಾಗಿರುವ ಯಂತ್ರವನ್ನು ಮಾರುವ ಮುನ್ನ ಸದರಿ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಪಡೆಯತಕ್ಕದ್ದು. ಖರೀದಿಯಲ್ಲಿ ಹೂಡುವಳಿ ತೆರಿಗೆ ಜಮೆ ಪಡೆದಿರುವ ಜಿ.ಎಸ್.ಟಿ. ನೋಂದಾಯಿತರು ಮಾರಾಟದ ಸಮಯದಲ್ಲಿ ಪಾವತಿಸಬೇಕಾದ ಮೊತ್ತವನ್ನು ತೆರಿಗೆ ಸಲಹೆಗಾರರಿಂದ ಖಚಿತಪಡಿಸಿಕೊಳ್ಳಬೇಕು. ಹಳೆಯ ಕಲ್ಲು ಹಾಗೂ ಡಿಸ್ಕ್‌ಗಳನ್ನು ಯಂತ್ರದೊಂದಿಗೆ ನೀಡಬಾರದು. ಅವುಗಳನ್ನು ಮತ್ತೆ ಬಳಸಲಾಗದಂತೆ ಒಡೆದು ವಿಲೇವಾರಿ ಮಾಡಬೇಕು. ತಿಳಿದಿರುವ ದೋಷಗಳನ್ನು ರಸೀದಿಯಲ್ಲಿ ನಮೂದಿಸುವುದು ಇಬ್ಬರಿಗೂ ಹಿತಕರ.

5. ಗುಜರಿಗೆ ಹಾಕುವಾಗ

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪಟ್ಟಿಯಲ್ಲಿ ವಿದ್ಯುತ್ ಚಾಲಿತ ಉಜ್ಜುವ ಮತ್ತು ಅರೆಯುವ ಉಪಕರಣಗಳು ಸೇರಿವೆ. ದೊಡ್ಡ ಪ್ರಮಾಣದ ಸ್ಥಿರ ಕೈಗಾರಿಕಾ ಉಪಕರಣಗಳು ಇದರಿಂದ ಹೊರತಾಗಿವೆ. ಸದರಿ ನಿಯಮಗಳು ಅತಿಸಣ್ಣ ಉದ್ಯಮಗಳಿಗೆ ಅನ್ವಯಿಸುವುದಿಲ್ಲ. ಆದರೂ ವೈರ್ ಸುಟ್ಟು ತಾಮ್ರ ತೆಗೆಯುವವರಿಗೆ ಕೊಡದೆ, ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸುವುದು ಅಪೇಕ್ಷಣೀಯ. ಬ್ಯಾಟರಿ ಚಾಲಿತ ಉಪಕರಣವಾಗಿದ್ದಲ್ಲಿ ಬ್ಯಾಟರಿಯನ್ನು ಪ್ರತ್ಯೇಕವಾಗಿ ನೀಡತಕ್ಕದ್ದು.

6. ಹೊಸ ಉಪಕರಣಕ್ಕೆ ನೆರವು

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಮತ್ತು ಕಮ್ಮಾರ ವೃತ್ತಿಗಳು ಸೇರಿವೆ. ಈ ಯೋಜನೆಯಡಿ ಆಯ್ಕೆಯಾದ ಕುಶಲಕರ್ಮಿಗಳಿಗೆ ಉಪಕರಣಗಳಿಗಾಗಿ ರೂ. 15,000ದವರೆಗೆ ಇ-ವೋಚರ್ ಹಾಗೂ ಎರಡು ಕಂತುಗಳಲ್ಲಿ ರೂ. 3 ಲಕ್ಷದವರೆಗೆ ಶೇ. 5ರ ಬಡ್ಡಿ ದರದಲ್ಲಿ ಸಾಲದ ಅವಕಾಶ ಕಲ್ಪಿಸಲಾಗಿದೆ. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶವಿರುತ್ತದೆ. ಆಧಾರ್, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಮತ್ತು ಪಡಿತರ ಚೀಟಿಯೊಂದಿಗೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಿ, ನೋಂದಣಿ ನಡೆಯುತ್ತಿರುವುದನ್ನು ಖಚಿತಪಡಿಸಿಕೊಳ್ಳಬೇಕು.

7. ಸೂಚನಾ ಫಲಕ

ಗ್ರೈಂಡಿಂಗ್ ನಡೆಯುವ ಪ್ರತಿ ಕಾರ್ಖಾನೆಯಲ್ಲಿ, ಕಲ್ಲಿನ ಗರಿಷ್ಠ ಸುರಕ್ಷಿತ ವೇಗವನ್ನು ತಿಳಿಸುವ ಸೂಚನೆಯನ್ನು ಯಂತ್ರದ ಬಳಿ ಹಾಕುವುದನ್ನು 1948ರ ಕಾರ್ಖಾನೆಗಳ ಅಧಿನಿಯಮದ 30ನೇ ಪ್ರಕರಣವು ಕಡ್ಡಾಯಗೊಳಿಸಿತ್ತು. ಸದರಿ ಅಧಿನಿಯಮದ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕಾರ್ಖಾನೆಯ ವ್ಯಾಪ್ತಿಗೆ ಬಾರದ ಸಣ್ಣ ಕಾರ್ಯಾಗಾರಗಳೂ ಈ ಸೂಚನೆಯನ್ನು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಹಾಕುವುದು ಒಳಿತು.

ಹೆಚ್ಚಿನ ಮಾಹಿತಿಗಾಗಿ ಆಯಾ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.