ತೂಬು ಎತ್ತಿದ ಕೈಗೆ ಪೊರಕೆ ಬಂದ ಕಥೆ



ಮಳೆ ಶುರುವಾದರೆ ಸಾಕು, ಬೆಂಗಳೂರಿನ ಲೇಔಟುಗಳ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ: "ಕಸ ಎತ್ತೋರು ಯಾಕಿನ್ನೂ ಬಂದಿಲ್ಲ?" ಆ ಪ್ರಶ್ನೆ ಕೇಳೋ ಮುಂಚೆ ಒಂದಿಷ್ಟು ಚರಿತ್ರೆ ಓದಿಕೊಳ್ಳಿ. ಉದ್ದ ಇದೆ, ತಾಳ್ಮೆ ಇರಲಿ.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ನೆನಪಿರಬೇಕು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಎಲ್ಲಾ ಮುಳುಗಿದವು. ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೊ ಇಡೀ ದೇಶ ನೋಡಿತು. ನೀರು ಇಳಿದ ಮೇಲಿನ ಫೋಟೊ ಯಾರೂ ನೋಡಲಿಲ್ಲ. ಪೌರಕಾರ್ಮಿಕಳಾಗಿರೋ ನನ್ನ ಚಿಕ್ಕಮ್ಮನನ್ನು ಒಂದು ಲೇಔಟಿಗೆ ಹಾಕಿದ್ದರು. ಮೊಣಕಾಲುದ್ದ ಕೆಸರು. ನೀರು ಕುಡಿದು ಊದಿದ ಹಾಸಿಗೆ, ಸೋಫಾ, ಮುರಿದ ಕೊಂಬೆ, ಪ್ಲಾಸ್ಟಿಕ್ಕು, ಸತ್ತ ಹೆಗ್ಗಣ. ಎಲ್ಲದರ ಜೊತೆ ಚರಂಡಿಯ ಹೊಲಸು. ಗ್ಲೌಸಿಲ್ಲ, ಬೂಟಿಲ್ಲ. ಕೈ ತೊಳೆಯೋಕೆ ಒಂದು ಮನೆಯಲ್ಲಿ ನೀರು ಕೇಳಿದರೆ ಗೇಟಿನ ಹೊರಗಿನ ನಲ್ಲಿ ತೋರಿಸಿದರಂತೆ.

ಸಂಜೆ ಮನೆಗೆ ಬಂದು ಚಿಕ್ಕಮ್ಮ ಒಂದು ಮಾತು ಹೇಳಿದಳು: "ನಮ್ಮಪ್ಪ ಇದ್ದಿದ್ರೆ ಈ ನೀರು ಇಲ್ಲಿಗೆ ಬರೋಕೆ ಬಿಡ್ತಿರಲಿಲ್ಲ ಕಣೋ."

ಅವಳಪ್ಪ, ಅಂದ್ರೆ ನನ್ನ ತಾತ, ಕೋಲಾರ ಸೀಮೆಯ ಒಂದು ಊರಿನ ನೀರುಗಂಟಿ.

ಈಗಿನವರಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ನೀರುಗಂಟಿ ಅಂದರೆ ಕೆರೆ ನೀರಿನ ಕಾವಲುಗಾರ. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಏರಿಯಲ್ಲಿ ಎಲ್ಲಿ ಇಲಿ ಬಿಲ ತೋಡಿದೆ, ಕಾಲುವೆಯಲ್ಲಿ ಎಲ್ಲಿ ಹೂಳು ತುಂಬಿದೆ, ಕೋಡಿಗೆ ಎಲ್ಲಿ ಗಿಡಗಂಟಿ ಅಡ್ಡ ಬಿದ್ದಿದೆ, ಎಲ್ಲವೂ ಅವನ ತಲೆಯಲ್ಲಿತ್ತು. ಜೋರು ಮಳೆಯ ರಾತ್ರಿ ಊರೆಲ್ಲಾ ಮಲಗಿದ್ದರೆ ಅವನು ಏರಿ ಮೇಲೆ ನಿಂತಿರುತ್ತಿದ್ದ. ಹಳೇ ಮೈಸೂರು ಸೀಮೆಯಲ್ಲಿ ಈ ಕೆಲಸ ಮಾಡಿದವರಲ್ಲಿ ಬಹುಪಾಲು ನಮ್ಮ ಕೇರಿಯವರೇ. ಇವತ್ತಿನ ಭಾಷೆಯಲ್ಲಿ ಹೇಳಬೇಕೆಂದರೆ ಅದು ಪ್ರವಾಹ ನಿಯಂತ್ರಣ ಎಂಜಿನಿಯರ್ ಕೆಲಸ.

ಹಾಗಂತ ಹಳೇ ಕಾಲ ಚಿನ್ನದ ಕಾಲ ಅಂತ ನಾನು ಹೇಳ್ತಾ ಇಲ್ಲ. ಊರಿನ ಗದ್ದೆಗೆಲ್ಲ ನೀರು ಹಂಚಿದವನು ಊರ ಬಾವಿ ಮುಟ್ಟುವ ಹಾಗಿರಲಿಲ್ಲ. ಕೂಲಿ ಅಂದರೆ ಸುಗ್ಗಿಯಲ್ಲಿ ಒಂದಿಷ್ಟು ಕಾಳು, ಜೊತೆಗೆ ಒಂದು ತುಂಡು ಇನಾಂ ಜಮೀನು. ಕೆರೆ ತುಂಬಿದಾಗ ಬಾಗಿನ ಬಿಡೋರು ಬೇರೆಯವರು. ಜ್ಞಾನ ನಮ್ಮದು, ಮರ್ಯಾದೆ ಅವರದು.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೋಟಿ, ತಳವಾರ, ನೀರುಗಂಟಿಯಂಥ ವಂಶಪಾರಂಪರ್ಯ ಚಾಕರಿಗಳನ್ನು ತೆಗೆದುಹಾಕಿತು. ಜಾತಿಗೆ ಕಟ್ಟಿಹಾಕಿದ ಚಾಕರಿ ಹೋಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಾಕರಿ ಹೋದ ಮೇಲೆ ಆ ಜ್ಞಾನಕ್ಕೆ ಸಂಬಳ, ಸಮವಸ್ತ್ರ, ಹುದ್ದೆ ಕೊಡಬೇಕು ಅಂತ ಯಾರಿಗೂ ಅನಿಸಲಿಲ್ಲ. ನಮ್ಮ ತಾತನ ಇನಾಂ ತುಂಡು ಮದುವೆ ಸಾಲಕ್ಕೆ ಹೋಯಿತು. ಮಕ್ಕಳು ಬೆಂಗಳೂರು ಬಸ್ ಹತ್ತಿದರು.

ಆ ಬಸ್ಸು ಬಂದು ನಿಂತ ಜಾಗ ಯಾವುದು ಗೊತ್ತಾ? ಧರ್ಮಾಂಬುಧಿ ಕೆರೆ. ಅದೇ ಇವತ್ತಿನ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಬೆಂಗಳೂರು ದಿಣ್ಣೆ ಮೇಲಿನ ಊರು, ದೊಡ್ಡ ನದಿ ಹತ್ತಿರ ಇಲ್ಲ. ಮಳೆ ನೀರು ಒಂದು ಕೆರೆ ತುಂಬಿ, ಕೋಡಿ ಹರಿದು, ರಾಜಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗಬೇಕು. ಕೋರಮಂಗಲ ಕಣಿವೆಯ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಆಮೇಲೆ ದಕ್ಷಿಣ ಪಿನಾಕಿನಿಗೆ. ನಡುವಿನ ಕೆರೆ ನುಂಗಿ, ಕಾಲುವೆ ಕಿರಿದು ಮಾಡಿ, ಅದರ ಮೇಲೆ ಕಾಂಪೌಂಡ್ ಕಟ್ಟಿದರೆ ನೀರು ಎಲ್ಲಿಗೆ ಹೋಗಬೇಕು? ನಿಮ್ಮ ಲಿವಿಂಗ್ ರೂಮಿಗೆ ಬರುತ್ತೆ. ಅದು ಅತಿಕ್ರಮಣ ಅಲ್ಲ ಸ್ವಾಮಿ, ಅದು ತನ್ನ ಹಳೇ ದಾರಿಯಲ್ಲೇ ನಡೀತಾ ಇದೆ.

ಆ ನೀರು ಬಿಟ್ಟು ಹೋದ ಕೆಸರನ್ನು ಎತ್ತೋಕೆ ಮತ್ತೆ ಯಾರು? ನೀರುಗಂಟಿಯ ಮಗಳು. ತೂಬಿನ ಕೀಲಿ ಕಿತ್ತುಕೊಂಡರು, ಪೊರಕೆ ಕೊಟ್ಟರು.

ಇದರ ವಿರುದ್ಧ ನಮ್ಮವರು ಸುಮ್ಮನಿರಲಿಲ್ಲ. 1970ರ ದಶಕದ ಮೊದಲಲ್ಲಿ ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 2013ರ ಕಾಯ್ದೆ ರಕ್ಷಣಾ ಸಾಧನ ಇಲ್ಲದೆ ಒಳಚರಂಡಿಗೆ ಮನುಷ್ಯನನ್ನು ಇಳಿಸುವುದು ಅಪರಾಧ ಎಂದಿತು. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಅಂತ ಮುಷ್ಕರ ಕೂತರು. ಎರಡೇ ತಿಂಗಳಿಗೆ ಆ ನೆರೆ ಬಂತು. ಅದೇ ಕೈಗಳು ನಿಮ್ಮ ಬೀದಿ ತೊಳೆದವು.

ಇನ್ನೊಂದು ಮಾತು. 1927ರಲ್ಲಿ ಮಹಾಡ್‌ನ ಚವದಾರ್ ಕೆರೆಯ ನೀರು ಮುಟ್ಟಿದ ಬಾಬಾಸಾಹೇಬರನ್ನು ಎಲ್ಲರೂ ನೆನೀತಾರೆ. 1943ರಲ್ಲಿ ದಾಮೋದರ್ ನದಿ ಬಂಗಾಳವನ್ನು ಮುಳುಗಿಸಿದಾಗ, ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ದಾಮೋದರ್ ಕಣಿವೆ ಯೋಜನೆಗೆ ಬುನಾದಿ ಹಾಕಿದ್ದೂ ಅವರೇ. ಬರೀ ದಡ ಎತ್ತರಿಸಿದರೆ ಸಾಲದು, ಇಡೀ ಕಣಿವೆಯ ನೀರನ್ನು ಒಟ್ಟಿಗೆ ನೋಡಬೇಕು ಅನ್ನೋದು ಆ ಯೋಜನೆಯ ಜೀವಾಳ. ಕೆರೆ ನೀರು ಮುಟ್ಟಬೇಡ ಅಂದ ದೇಶಕ್ಕೆ ನೆರೆ ತಡೆಯೋ ಪಾಠ ಹೇಳಿದವರು ಅವರು.

ಹಾಗಾಗಿ ಲೇಔಟಿನ ಬಂಧುಗಳೇ, ನಮಗೆ ಹಾರ, ಶಾಲು ಬೇಡ. ಮಳೆಗಾಲಕ್ಕೆ ಮುಂಚೆ ನಿಮ್ಮ ಸಂಘದ ಸಭೆಗೆ ಬೀದಿ ಗುಡಿಸೋ ಅಮ್ಮನನ್ನು ಕರೀರಿ, ಕುರ್ಚಿ ಕೊಡಿ, ಯಾವ ಮೋರಿ ಕಟ್ಟಿಕೊಂಡಿದೆ ಅಂತ ಕೇಳಿ. ನಿಮ್ಮ ಎಂಜಿನಿಯರ್‌ಗಿಂತ ಮುಂಚೆ ಆಕೆಗೆ ಗೊತ್ತಿರುತ್ತೆ. ಹೂಳೆತ್ತೋಕೆ ಯಂತ್ರ ಬರಲಿ, ಆಕೆಗೆ ಬೂಟು, ಗ್ಲೌಸು, ಕಾಯಂ ಸಂಬಳ ಬರಲಿ. ಕಾಲುವೆ ಮೇಲಿನ ಕಾಂಪೌಂಡ್ ಯಾರದೇ ಆಗಿರಲಿ, ಬೀಳಲಿ. ಗುಡಿಸಲು ಮಾತ್ರ ಕೆಡವಿ ದೊಡ್ಡವರ ಗೋಡೆ ಉಳಿಸೋ ಆಟ ಸಾಕು.

ಕೈ ತೊಳೆಯೋಕೆ ನೀರು ಕೇಳಿದರೆ, ದಯವಿಟ್ಟು ಗೇಟಿನ ಒಳಗಿನ ನಲ್ಲಿ ತೋರಿಸಿ.

ಜೈಭೀಮ್.