ಮೊದಲು ನೆನೆಸಿ, ಆಮೇಲೆ ಒತ್ತಿ: ಮನೆಯ ಎಸ್ಪ್ರೆಸೊ ಯಂತ್ರಕ್ಕೆ ಪ್ರೀ-ಇನ್ಫ್ಯೂಷನ್

ಎರೆ ಹೊಲ, ಕಾಫಿ ಬಿಲ್ಲೆ

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಉಣ್ಣುವ ಸುರಪುರ, ಶಹಾಪುರದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆ ನೆಲಕ್ಕೆ ರಭಸವಾಗಿ ನೀರು ಬಿಟ್ಟರೆ ಅದು ಬಿರುಕು ಹಿಡಿದು ಓಡುತ್ತದೆ, ಪಕ್ಕದ ಹೆಂಟೆ ಒಣಗಿಯೇ ಇರುತ್ತದೆ. ಮಣ್ಣು ನೆನೆದು ಉಬ್ಬಿ ಬಿರುಕು ಮುಚ್ಚಿದ ಮೇಲಷ್ಟೇ ನೀರು ಸಮನಾಗಿ ಹರಡುತ್ತದೆ.

ಎಸ್ಪ್ರೆಸೊ ಯಂತ್ರದಲ್ಲಿ ಒತ್ತಿ ಕೂರಿಸಿದ ಕಾಫಿಪುಡಿಯ ಬಿಲ್ಲೆಯದೂ ಇದೇ ಕಥೆ. ಒಣ ಬಿಲ್ಲೆಯ ಮೇಲೆ ಸುಮಾರು 9 ಬಾರ್ ಒತ್ತಡದ ನೀರು ಒಮ್ಮೆಲೇ ಬಿದ್ದರೆ ಸಡಿಲ ಜಾಗ ಹುಡುಕಿ ಸೀಳಿಕೊಂಡು ಹೋಗುತ್ತದೆ. ಇದಕ್ಕೆ ಚಾನೆಲಿಂಗ್ ಎನ್ನುತ್ತಾರೆ. ನೀರು ಓಡಿದ ದಾರಿಯ ಪುಡಿ ಅತಿಯಾಗಿ ಇಳಿದು ಕಹಿ, ಉಳಿದದ್ದು ಸರಿಯಾಗಿ ಇಳಿಯದೆ ಹುಳಿ; ಒಂದೇ ಲೋಟದಲ್ಲಿ ಎರಡೂ. ಕಾಫಿ ಇಳಿದ ಮೇಲೆ ಬಿಲ್ಲೆ ತಟ್ಟಿ ತೆಗೆದು ನೋಡಿ. ಎಷ್ಟೋ ಸಲ ಅಂಚಿನಲ್ಲಿ ಸೂಜಿ ಚುಚ್ಚಿದಂಥ ತೂತು ಕಾಣುತ್ತದೆ.

ಪೂರ್ತಿ ಒತ್ತಡ ಕೊಡುವ ಮೊದಲು 1ರಿಂದ 4 ಬಾರ್‌ನಷ್ಟು ಮೆಲ್ಲಗಿನ ನೀರಿನಲ್ಲಿ ಕೆಲವು ಸೆಕೆಂಡು ಪುಡಿ ನೆನೆಸುವುದೇ ಪ್ರೀ-ಇನ್ಫ್ಯೂಷನ್. ಫಿಲ್ಟರಿನ ಪುಡಿಗೆ ಮೊದಲು ತುಸು ಬಿಸಿನೀರು ಚಿಮುಕಿಸಿ, ಅದು ಉಬ್ಬಿದ ಮೇಲೆ ಉಳಿದದ್ದನ್ನು ಸುರಿಯುವವರು ಮಾಡುವುದೂ ಇದನ್ನೇ.

ಹಳೆಯ ಯಂತ್ರಗಳಲ್ಲೇ ಇತ್ತು

ಎರಡನೇ ಮಹಾಯುದ್ಧದ ನಂತರ ಮಿಲಾನಿನ ಅಕಿಲೆ ಗಾಜಿಯಾ ತಂದ ಸನ್ನೆ ಯಂತ್ರದಲ್ಲಿ ಹಿಡಿ ಕೆಳಗೆಳೆದಾಗ ಬಾಯ್ಲರಿನ ನೀರು ಪುಡಿಯ ಮೇಲೆ ಬಂದು ನಿಲ್ಲುತ್ತಿತ್ತು. ಹಿಡಿ ಬಿಟ್ಟ ಮೇಲೆ ಸ್ಪ್ರಿಂಗ್ ಒತ್ತುತ್ತಿತ್ತು. 1961ರ ಫಾಯೆಮಾ ಇ61 ಪಂಪ್ ಬಳಸಿದರೂ ನೆನೆಸುವ ಹಂತವನ್ನು ಕೈಬಿಡಲಿಲ್ಲ. ಅಗ್ಗದ ಮನೆಯಂತ್ರಗಳಲ್ಲಿ ಮಾತ್ರ ಅದು ಎಷ್ಟೋ ಕಡೆ ಇಲ್ಲ.

ಬಿಚ್ಚದೆ ಮಾಡುವ ದಾರಿ

ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ಕವಾಟ) ಇಲ್ಲದ ಯಂತ್ರವಾದರೆ ಸ್ವಿಚ್ಚೇ ಸಾಕು: 2–3 ಸೆಕೆಂಡು ಪಂಪ್ ಓಡಿಸಿ, ನಿಲ್ಲಿಸಿ, ಐದಾರು ಸೆಕೆಂಡು ಕಾದು, ಮತ್ತೆ ಹಾಕಿ. ಮೂರು ದಾರಿಯ ಸೊಲೆನಾಯ್ಡ್ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಸ್ವಿಚ್ ಆರಿಸಿದ ಕೂಡಲೇ ಅದು ಒತ್ತಡವನ್ನು ಕೆಳಗಿನ ತಟ್ಟೆಗೆ ಬಿಟ್ಟುಬಿಡುತ್ತದೆ. ಗಾಜಿಯಾ ಕ್ಲಾಸಿಕ್‌ನಂಥ ಒಂದೇ ಬಾಯ್ಲರಿನ ಯಂತ್ರದಲ್ಲಿ, ಕಾಫಿ ಇಳಿಸುವ ಬಿಸಿಯಲ್ಲಿರುವಾಗಲೇ, ಹಬೆಯ ನಾಬ್ ತೆರೆದು ಪಂಪ್ ಹಾಕಬಹುದು. ನೀರಿನ ಒಂದು ಪಾಲು ಹಬೆಕೊಳವೆಯಿಂದ ಹೋಗುವುದರಿಂದ ಬಿಲ್ಲೆಯ ಮೇಲೆ ಒತ್ತಡ ಕಡಿಮೆ. ಕೊಳವೆಯ ಕೆಳಗೆ ಲೋಟ ಇಡಿ, ಕುದಿನೀರು ಸಿಡಿಯುತ್ತದೆ. 5–8 ಸೆಕೆಂಡಿಗೆ ನಾಬ್ ಮುಚ್ಚಿ. ಕಾಸು ಖರ್ಚಿಲ್ಲದ ಈ ದಾರಿಯನ್ನೇ ಮೊದಲು ಹಿಡಿಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಡಿಮ್ಮರ್ ಮತ್ತು ಕರೆಂಟು

ಮುಂದಿನ ಹೆಜ್ಜೆ ಪಂಪಿನ ಬಲ ತಗ್ಗಿಸುವ ಡಿಮ್ಮರ್. ಅದು ಪಂಪಿನ ತಂತಿಗೆ ಮಾತ್ರ ಸೇರಬೇಕು, ಹೀಟರಿಗಲ್ಲ. ಪಂಪಿನೊಳಗೆ ಇರುವುದು ಕಾಯಿಲ್, ಆದ್ದರಿಂದ ಅಂಥ ಲೋಡಿಗೆ ಒಗ್ಗುವ ಡಿಮ್ಮರನ್ನೇ ತರಬೇಕು. ಫ್ಯಾನಿನ ರೆಗ್ಯುಲೇಟರ್ ಬೇಡ. 230 ವೋಲ್ಟಿನ ಜೊತೆ ನೀರು ಇರುವ ಜಾಗವಿದು. ಪ್ಲಗ್ ಕಿತ್ತು, ಅರ್ಥಿಂಗ್ ಪರೀಕ್ಷಿಸಿ, ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ವಾರಂಟಿ ಹೋಗುತ್ತದೆ ಎಂಬುದೂ ನೆನಪಿರಲಿ. ಗಾಜಿಯೂನೊ ಎಂಬ ಯೋಜನೆ ಒತ್ತಡದ ಸೆನ್ಸರ್, ಕಂಟ್ರೋಲರ್ ಬಳಸಿ ಪಂಪಿನ ಬಲ ಹೊಂದಿಸುವ ಈ ಕೆಲಸವನ್ನೇ ತಾನಾಗಿ ಮಾಡಿಸುತ್ತದೆ.

ಕಾಯಿಲ್ ಇರುವ ಇಂಥ ಪಂಪಿನ ಬಲ ವೋಲ್ಟೇಜ್ ಜೊತೆ ಏರಿಳಿಯುತ್ತದೆ. ಹಳ್ಳಿಯ ಪಂಪ್‌ಸೆಟ್‌ಗಳೆಲ್ಲ ಓಡುವಾಗ ವೋಲ್ಟೇಜ್ ಇಳಿದರೆ, ಬೆಳಿಗ್ಗೆ ಡಿಮ್ಮರಿನ ಮೇಲೆ ಹಾಕಿಕೊಂಡ ಗುರುತು ಸಂಜೆಗೆ ಹೊಂದುವುದಿಲ್ಲ. ಗುರುತಿಗಿಂತ ಒತ್ತಡದ ಗೇಜ್ ನೋಡಿ ತಿರುಗಿಸುವುದು ಲೇಸು.

ಎಷ್ಟು ಹೊತ್ತು?

18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ ಎಂಬ ಸಾಮಾನ್ಯ ಲೆಕ್ಕದಲ್ಲಿ, ಬಿಲ್ಲೆಯ ತಳದಲ್ಲಿ ಮೊದಲ ಹನಿಗಳು ಮೂಡುವವರೆಗೆ ನೆನೆಸಿ. ಕಡಿಮೆ ಹುರಿದ ಬೀಜಕ್ಕೆ ಹೆಚ್ಚು ಹೊತ್ತು ಬೇಕು, ಕಪ್ಪಗೆ ಹುರಿದದ್ದಕ್ಕೆ ಮೂರು ಸೆಕೆಂಡೂ ಸಾಕಾದೀತು. ಚಿಕೋರಿ ಬೆರೆತ ಪುಡಿ ಬೇಡ. ಚಿಕ್ಕಮಗಳೂರು, ಕೊಡಗಿನ ಬೀಜ ತರಿಸಿ ಮನೆಯಲ್ಲೇ ಬೀಸಿ. ನೆನೆಸುವ ರೂಢಿ ಶುರುಮಾಡಿದ ಮೇಲೆ ಪುಡಿಯನ್ನು ಇನ್ನೂ ಸ್ವಲ್ಪ ನುಣ್ಣಗೆ ಬೀಸಬಹುದು.

ನೀರಿನ ಮಾತು

ನಲ್ಲಿಗೇ ಜೋಡಿಸುವ ಯಂತ್ರಗಳಲ್ಲಿ ನಲ್ಲಿಯ 2–3 ಬಾರ್ ಒತ್ತಡವೇ ಪುಡಿಯನ್ನು ನೆನೆಸುತ್ತದೆ. ನಮ್ಮ ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಅದು ಆಗದು: 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಲೆಕ್ಕದಲ್ಲಿ, 6 ಮೀಟರ್ ಮೇಲಿನ ಟ್ಯಾಂಕ್ ಕೊಡುವುದು 0.6 ಬಾರ್ ಅಷ್ಟೇ. ಗಡಸು ಬೋರ್‌ವೆಲ್ ನೀರನ್ನಂತೂ ಯಂತ್ರಕ್ಕೆ ಹಾಕಲೇಬೇಡಿ. ಬಾಯ್ಲರಿನಲ್ಲಿ ಕಟ್ಟಿದ ಸುಣ್ಣ ಚೂರಾಗಿ ಬಂದು ಸೊಲೆನಾಯ್ಡಿನ ಕಿರುಗಂಡಿಯಲ್ಲಿ ಸಿಕ್ಕಿಕೊಂಡರೆ, ಪುಡಿ ನೆನೆಯುವಷ್ಟು ನೀರೂ ಕೆಳಗಿಳಿಯುವುದಿಲ್ಲ.